ನಲವತ್ತೊಂದು ಸ್ಟಾಪುಗಳ ಬಸ್ಸು ಹೊಸ ಪೆಟ್ಟಿಗೆಗೆ ಬಂದದ್ದು

ಟಿ.ವಿ.ಯ ಕೆಳಗಿನ ಕರಿ ಪೆಟ್ಟಿಗೆ ಅಂದೂ ನಡುದಾರಿಯಲ್ಲಿ ಕೈಕೊಟ್ಟಿತು. ಮೊದಲು ಬುಸುಗುಟ್ಟಿತು, ಆಮೇಲೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟಿತು, ಕೊನೆಗೆ ಪರದೆಯ ಮೇಲೆ ಓಡುತ್ತಿದ್ದ ಬಸ್ಸನ್ನು ಹದಿನೇಳನೆಯ ಸ್ಟಾಪಿನಲ್ಲೇ ಬಿಟ್ಟು ತೆಪ್ಪಗಾಯಿತು.

"ಇಂಜಿನ್ ಬಿಸಿಯಾಗಿದೆ ಅಷ್ಟೇ. ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತೆ" ಎಂದರು ಮಾವ. ಮೂವತ್ತನಾಲ್ಕು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತರಾದವರು ಬೇರೆ ಏನು ತಾನೇ ಹೇಳಿಯಾರು.

ಈ ಗೇಮ್ ಪೆಟ್ಟಿಗೆಯನ್ನು ಸೊಸೆ ತಂದದ್ದು ತನಗೆಂದು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ದಿನವಿಡೀ ಬಗ್ಗಿ ಕೂತು ಬಂದವಳಿಗೆ ಸಂಜೆ ಅರ್ಧ ಗಂಟೆ ಮನಸ್ಸು ಹಗುರವಾಗಲಿ ಎಂದು. ಒಂದು ದಿನ ಸುಮ್ಮನೆ ಬಸ್ಸು ಓಡಿಸುವ ಆಟ ಹಾಕಿ ಮಾವನ ಕೈಗೆ ಕೊಟ್ಟಳು. ಅಷ್ಟೇ, ಅಲ್ಲಿಂದ ಅವಳಿಗೆ ಸೀಟು ಸಿಕ್ಕಿಲ್ಲ. ಅದಾಗಿ ಆರು ವರ್ಷ.

ಆ ಆಟದಲ್ಲಿ ನಮ್ಮದೇ ರೂಟು ಕಟ್ಟಿಕೊಳ್ಳಬಹುದು, ಸ್ಟಾಪುಗಳಿಗೆ ನಮಗೆ ಬೇಕಾದ ಹೆಸರಿಡಬಹುದು. ಮಾವ ನಲವತ್ತೊಂದು ಸ್ಟಾಪು ಕಟ್ಟಿದ್ದರು. ಒಂದೊಂದಕ್ಕೂ ಇಟ್ಟದ್ದು ತಮ್ಮ ಬಸ್ಸಿನ ಒಬ್ಬೊಬ್ಬ ಖಾಯಂ ಪ್ರಯಾಣಿಕರ ಅಡ್ಡಹೆಸರು. ಮಳೆಯಿರಲಿ ಬಿಡಲಿ ಛತ್ರಿ ಬಿಚ್ಚಿಕೊಂಡೇ ಬರುತ್ತಿದ್ದ ಛತ್ರಿ ಮೇಷ್ಟ್ರು, ವರ್ಷವಿಡೀ ಒಂದೇ ಮಾತು ಹೇಳುತ್ತಿದ್ದ ಚಿಲ್ಲರೆ ಇಲ್ಲದ ಸ್ವಾಮಿ, ಪಾಳಿ ಮುಗಿಸಿ ಬಂದು ಕಿಟಕಿಗೆ ತಲೆಯಾನಿಸಿ ಮಲಗಿಬಿಡುತ್ತಿದ್ದ ನಿದ್ದೆ ನರ್ಸಮ್ಮ. ಈಚೀಚೆಗೆ ಮಾವನಿಗೆ ಹೆಸರುಗಳು ಜಾರುತ್ತಿದ್ದವು. ದಿನಕ್ಕೊಂದು ಟ್ರಿಪ್ಪು ಹೊಡೆದರೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸಿಗುತ್ತಿದ್ದರು. ಈ ಮಾತನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮರೆವೆಂದರೆ ಮಕ್ಕಳು ಗಾಬರಿಯಾದಾರು, ಆಟವೆಂದರೆ ನಕ್ಕಾರು ಎಂದು ತುಟಿ ಪಿಟಕ್ಕೆನ್ನದೆ ಬಸ್ಸು ಓಡಿಸಿಕೊಂಡಿದ್ದರು.

ಹಾಗಾಗಿ ಸೊಸೆ ಹೊಸ ಪೆಟ್ಟಿಗೆಯ ಮಾತೆತ್ತಿದಾಗ ಅವರ ಜೀವ ಬಾಯಿಗೆ ಬಂತು. ಅವಳು ಪಾಪ, ಒಳ್ಳೆಯದಕ್ಕೇ ಹೇಳಿದ್ದು. ಈಗ ಬಂದಿರುವುದು ಗೇಮ್ ಪೆಟ್ಟಿಗೆಯೂ ಹೌದು, ಕಂಪ್ಯೂಟರೂ ಹೌದು, ಎರಡೂ ಒಂದರಲ್ಲೇ. ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ರಿಯಾಯಿತಿ. ಶನಿವಾರ ಅಂಗಡಿಯವನೇ ಬಂದು ಹೊಸದನ್ನು ಕೊಟ್ಟು ಹಳೆಯದನ್ನು ಒಯ್ಯುತ್ತಾನೆ. ಹಳೆಯ ಆಟಗಳೆಲ್ಲ ತಾವಾಗಿಯೇ ಬರುತ್ತವೆಂದು ಅವನು ಆಣೆ ಮಾಡುವುದೊಂದು ಬಾಕಿ.

"ತಾನಾಗೇ ಬರೋಕೆ ಅದೇನು ಬೀದಿನಾಯೀನಾ?" ಎಂದು ಮಾವ ಮೂಗು ಮುರಿದರು. "ಇದು ಓಡ್ತಾ ಇದೆ. ಇದೇ ಇರಲಿ."

"ಎಲ್ಲಿ ಓಡ್ತಾ ಇದೆ ಮಾವ? ಹೆಜ್ಜೆಗೊಂದ್ಸಲ ನಿಲ್ತಿದೆ. ಯಾವತ್ತಾದ್ರೂ ಬೆಂಕಿ ಹತ್ತಿಕೊಂಡ್ರೆ?"

ಮಾವ ಎದ್ದು ಹೋದರು. ಎರಡು ದಿನ ಮಾವ-ಸೊಸೆಯರ ಮಾತೆಲ್ಲ ಮಗನ ಮೂಲಕ ಸಾಗಿತು. ಆ ಮನುಷ್ಯ ಇಬ್ಬರ ನಡುವೆ ಓಡಾಡಿ ಸಣ್ಣಗಾದ. ಕೊನೆಗೆ ಸೊಸೆಯೇ ಸೋತು ಎದುರುಮನೆಯ ಮಹಡಿ ಹತ್ತಿದಳು.

ಅಲ್ಲಿದ್ದದ್ದು ರಿಪೇರಿ ಅಕ್ಕ. ಬೀದಿಯ ಟಿ.ವಿ., ಫೋನು, ಮಿಕ್ಸಿಗಳೆಲ್ಲ ಅವಳ ಮೇಜಿನ ಮೇಲೆ ಒಮ್ಮೆಯಾದರೂ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವೇ. ಶುಕ್ರವಾರ ಸಂಜೆ ಕಿವಿಗೆ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡೇ ಬಂದಳು. ಮಾವ ಕೊಟ್ಟ ಚಹಾ ಕುಡಿದು, ಹಳೆ ಪೆಟ್ಟಿಗೆ ಹಾಕಿ, ಒಂದೇ ಒಂದು ಪ್ರಶ್ನೆ ಕೇಳಿದಳು. "ಡ್ರೈವರ್ ಸಾಹೇಬ್ರೇ, ಈ ಬಸ್ ಆಟ ಕೊಂಡದ್ದೋ, ಚಂದಾದಲ್ಲಿ ಬಂದದ್ದೋ?"

ಮಾವ ಸೊಸೆಯ ಮುಖ ನೋಡಿದರು. ಸೊಸೆಗೂ ಗೊತ್ತಿರಲಿಲ್ಲ. ತಿಂಗಳು ತಿಂಗಳು ಹಣ ಹೋಗುತ್ತಿತ್ತು, ಆಟ ಬರುತ್ತಿತ್ತು, ಇಷ್ಟೇ ಅವಳಿಗೆ ತಿಳಿದದ್ದು. ನೋಡಿದರೆ ಆಟ ಚಂದಾದಲ್ಲಿ ಬಂದದ್ದು. ಈ ತಿಂಗಳ ಕೊನೆಗೆ ಅದನ್ನು ಚಂದಾ ಪಟ್ಟಿಯಿಂದ ತೆಗೆಯುತ್ತಾರೆಂಬ ಸೂಚನೆ ಎರಡು ವಾರದಿಂದ ಪರದೆಯ ಮೂಲೆಯಲ್ಲಿ ಬರುತ್ತಲೇ ಇತ್ತು. ಬಸ್ಸಿನ ಕನ್ನಡಿಗೆ ಅಡ್ಡ ಬರುತ್ತದೆಂದು ಮಾವ ಪ್ರತಿಸಲ ಅದನ್ನು ಮುಚ್ಚುತ್ತಿದ್ದರು.

"ಚಂದಾ ಅಂದ್ರೆ ನಿಮ್ಮ ಬಸ್ಸಿನ ತಿಂಗಳ ಪಾಸು ಇದ್ದ ಹಾಗೆ" ಎಂದಳು ರಿಪೇರಿ ಅಕ್ಕ. "ಪಾಸ್ ಇರೋ ತನಕ ಹತ್ತಬಹುದು. ಹಾಗಂತ ಸೀಟು ನಮ್ಮದಾಗಲ್ಲ. ನಾಳೆ ಆ ರೂಟೇ ನಿಲ್ಲಿಸಿದ್ರೆ ಪಾಸ್ ಹಿಡ್ಕೊಂಡು ಸ್ಟಾಪಲ್ಲಿ ನಿಲ್ಲಬೇಕಾಗುತ್ತೆ."

ಮಾವನಿಗೆ ಇದು ಥಟ್ಟನೆ ತಲೆಗೆ ಹೋಯಿತು. ಪಾಸಿನ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಎಲ್ಲ ಪಾಸೂ ಎಲ್ಲ ಬಸ್ಸಿಗೂ ನಡೆಯುವುದಿಲ್ಲವಲ್ಲ ಎಂದು ಅವರೇ ಕೇಳಿದರು. ಅಕ್ಕ ಹೌದೆಂದಳು. ಸೊಸೆ ಕಟ್ಟುತ್ತಿದ್ದ ಚಂದಾ ಹಳೆಯ ಪೆಟ್ಟಿಗೆಗೆ ಮಾತ್ರ. ಹೊಸದರಲ್ಲಿ ಕಂಪ್ಯೂಟರಿನ ಆಟಗಳು ಓಡುತ್ತವೆ, ಅದರ ಪಟ್ಟಿಯೇ ಬೇರೆ. ಹಳೆಯದು ಹೊಸದರಲ್ಲಿ ನಡೆಯುತ್ತದೋ ಇಲ್ಲವೋ ಎಂದು ಒಂದೊಂದೇ ಆಟದ ಪುಟ ತೆಗೆದು ನೋಡಬೇಕು. ಸೊಸೆ ಡಿಸ್ಕಿನಲ್ಲಿ ಕೊಂಡಿದ್ದ ಮೂರು ಆಟಗಳಂತೂ ಹೋದಂತೆಯೇ, ಹೊಸ ಪೆಟ್ಟಿಗೆಯಲ್ಲಿ ಡಿಸ್ಕು ಹಾಕುವ ಜಾಗವೇ ಇಲ್ಲ.

ಬಸ್ ಆಟದ ಪುಟದಲ್ಲಿ ಎರಡರಲ್ಲೂ ನಡೆಯುತ್ತದೆ ಎಂದಿತ್ತು. ಚಂದಾ ಇರುವವರಿಗೆ ಕಡಿಮೆ ಬೆಲೆಗೂ ಸಿಗುತ್ತಿತ್ತು. ಕೊಂಡುಬಿಡೋಣ ಎಂದು ಸೊಸೆ ಫೋನು ತೆಗೆದಳು. ಅಕ್ಕ ತಡೆದಳು. ಕೊಂಡ ಆಟ ಸೇರುವುದು ನಮ್ಮ ಖಾತೆಗೆ, ಖಾತೆಯ ಕೀಲಿ ನಮ್ಮ ಕೈಯಲ್ಲಿದೆಯೇ ಮೊದಲು ನೋಡು ಎಂದಳು. ನೋಡಿದರೆ ಖಾತೆ ಇದ್ದದ್ದು ಸೊಸೆ ಎಂದೋ ಬಿಟ್ಟ ಹಳೆಯ ಲ್ಯಾಬಿನ ಮೇಲ್ ವಿಳಾಸದಲ್ಲಿ. ಪುಣ್ಯಕ್ಕೆ ಫೋನ್ ನಂಬರು ಅದೇ ಇತ್ತು. ಹಳೆ ಪೆಟ್ಟಿಗೆ ಇನ್ನೂ ಆ ಖಾತೆಯ ಗುರುತು ಹಿಡಿಯುತ್ತಿದ್ದಾಗಲೇ ವಿಳಾಸ ಬದಲಿಸಿ, ಆಮೇಲೆ ಆಟ ಕೊಂಡರು. ಅಷ್ಟರಲ್ಲಿ ಪೆಟ್ಟಿಗೆ ಬುಸುಗುಟ್ಟಿ ಆರಿಹೋಯಿತು. ಉಳಿದದ್ದು ನಾಳೆ ಎಂದು ಅಕ್ಕ ಎದ್ದಳು.

ಶನಿವಾರ ಬೆಳಿಗ್ಗೆ ಅಂಗಡಿಯವನು ಬಂದ. ಹೊಸ ಪೆಟ್ಟಿಗೆ ಜೋಡಿಸಿ, ಹಳೆಯದರ ವೈರು ಸುತ್ತತೊಡಗಿದ. ಮಾವ ಎರಡೂ ಕೈ ಹಳೆಯದರ ಮೇಲಿಟ್ಟು ಕೂತರು.

"ನಾನು ಸರ್ವೀಸಲ್ಲಿದ್ದಾಗ ಗಾಡಿ ದಾರೀಲಿ ಕೆಟ್ರೆ ಬೇರೆ ಗಾಡಿ ಕಳಿಸೋರು" ಎಂದರು. "ಕೊನೇ ಪ್ಯಾಸೆಂಜರು ಆ ಗಾಡಿ ಹತ್ತೋ ತನಕ ಕೆಟ್ಟ ಗಾಡೀನ ನಾನು ಬಿಟ್ಟುಕೊಡ್ತಿರಲಿಲ್ಲ. ಇದನ್ನೂ ಕೊಡಲ್ಲ."

ಅಂಗಡಿಯವನು ಗಡಿಯಾರ ನೋಡಿದ. ಸೊಸೆಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಇರಲಿ ಎಂದು ಹೊಸದರಲ್ಲಿ ಬಸ್ ಆಟ ತೆರೆದಳು. ಊರು ಬಂತು, ರಸ್ತೆ ಬಂತು, ಬಸ್ಸೂ ಬಂತು. ರೂಟಿನ ಪಟ್ಟಿ ತೆರೆದರೆ ಒಂದೇ ಸ್ಟಾಪು. ಅದಕ್ಕೆ ಹೆಸರೂ ಇರಲಿಲ್ಲ.

ಮಾವ ಪರದೆಯತ್ತ ಬಗ್ಗಿದರು. "ಮೇಷ್ಟ್ರು ಎಲ್ಲಿ?" ಎಂದರು ಸಣ್ಣ ದನಿಯಲ್ಲಿ. "ನರ್ಸಮ್ಮ?"

ಯಾವ ಮೇಷ್ಟ್ರು ಎಂದು ಸೊಸೆ ಕೇಳಿದಳು. ಆಗ ಮಾವ ತಲೆ ತಗ್ಗಿಸಿಕೊಂಡು, ತಪ್ಪು ಒಪ್ಪಿಕೊಳ್ಳುವವರ ಹಾಗೆ, ನಲವತ್ತೊಂದು ಜನರ ಕಥೆ ಹೇಳಿದರು. ಹೆಸರು ಜಾರುವುದನ್ನೂ ಹೇಳಿದರು. ಆರು ವರ್ಷ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚಿದ ಸೊಸೆ ಒಂದು ದಿನವೂ ಆ ಸ್ಟಾಪುಗಳ ಹೆಸರು ಓದಿರಲಿಲ್ಲ. ಅವಳು ಅಂಗಡಿಯವನಿಗೆ ಸೋಮವಾರ ಬರಲು ಹೇಳಿ ಕಳಿಸಿದಳು. ರಿಯಾಯಿತಿ ಹೋಗುತ್ತದೆಂದ. ಹೋದರೆ ಹೋಗಲಿ ಎಂದಳು.

ರಿಪೇರಿ ಅಕ್ಕ ಓಡಿ ಬಂದಳು. ಆಟ ಬೇರೆ, ಆಟದೊಳಗೆ ನಾವು ಕಟ್ಟಿದ್ದು ಬೇರೆ ಎಂದು ವಿವರಿಸಿದಳು. ಕಟ್ಟಿದ್ದಕ್ಕೆ ಸೇವ್ ಎನ್ನುತ್ತಾರೆ. ಅದು ಇಂಟರ್ನೆಟ್ಟಿಗೆ ಏರಿದ್ದರೆ ಹೊಸ ಪೆಟ್ಟಿಗೆಗೆ ಇಳಿಯುತ್ತದೆ. ಈ ಮನೆಯಲ್ಲಿ ಏರಿಸುವ ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಆರು ವರ್ಷದ ಶ್ರಮ ಹಳೆ ಪೆಟ್ಟಿಗೆಯ ಹೊಟ್ಟೆಯಲ್ಲೇ ಇತ್ತು. ಕೆಲವು ಆಟಗಳ ಸೇವ್ ಹೀಗೆ ದಾಟುವುದೇ ಇಲ್ಲ, ಇದು ದಾಟುತ್ತದೆ ಎಂದು ಪುಟದಲ್ಲಿ ಬರೆದಿದೆ, ನೋಡೋಣ ಎಂದಳು.

ಹಳೆ ಪೆಟ್ಟಿಗೆಯ ಧೂಳು ಊದಿ, ಪಕ್ಕದಲ್ಲಿ ಟೇಬಲ್ ಫ್ಯಾನು ಇಟ್ಟರು. ಹಾಕಿದರು, ಬುಸುಗುಟ್ಟಿ ಆರಿತು. ಮತ್ತೆ ಹಾಕಿದರು, ಅರ್ಧ ಏರಿಸಿ ಆರಿತು. ಮೂರನೆಯ ಸಲ ಮಾವ ಅದರ ಬೆನ್ನು ಸವರಿ, "ಇದೊಂದು ಟ್ರಿಪ್ಪು ಎಳೆದುಬಿಡು ಮಾರಾಯ" ಎಂದರು. ಎಳೆಯಿತು.

ಹೊಸದರಲ್ಲಿ ಪಟ್ಟಿ ತೆರೆದರು. ಛತ್ರಿ ಮೇಷ್ಟ್ರು ಮೊದಲಿಗೇ ನಿಂತಿದ್ದರು. ಮಾವ ನಂಬಲಿಲ್ಲ. ಪಟ್ಟಿಯೊಂದು ಇದ್ದರಾಯಿತೇ, ರೂಟು ಓಡಿಸಿಯೇ ನೋಡಬೇಕು ಎಂದರು. ಸೊಸೆ ತರಕಾರಿ ಬದಿಗಿಟ್ಟು ಹತ್ತಿರ ಕೂತು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದಳು. ಹದಿನೇಳನೆಯ ಸ್ಟಾಪಿನಲ್ಲಿ ಬಸ್ಸು ನಿಂತಾಗ ಮಾವ ಮೆಲ್ಲಗೆ ಅಂದರು, "ನರ್ಸಮ್ಮಾ, ಏಳಿ. ನಿಮ್ಮ ಸ್ಟಾಪು ಬಂತು." ಸೊಸೆ ಕಣ್ಣೊರೆಸಿಕೊಂಡಳು. ನಲವತ್ತೊಂದೂ ಆದಮೇಲೆ ಅವರು ಹಳೆ ಪೆಟ್ಟಿಗೆಯ ವೈರು ತಾವೇ ಕಳಚಿ, "ಈಗ ಒಯ್ಯಲಿ" ಎಂದರು.

ಓದುವವರೇ, ಕೇಳುವವರೇ, ನಿಮ್ಮ ಮನೆಗೂ ಇಂಥ ಹೊಸ ಪೆಟ್ಟಿಗೆ ಬರಬಹುದು. ಬರಲಿ, ಸಂತೋಷ. ಅಂಗಡಿಯವನ ಬಾಯಿಮಾತು ನಂಬಿ ಹಳೆಯದನ್ನು ಮಾತ್ರ ಕೊಡಬೇಡಿ. ಯಾವ ಆಟ ನೀವು ಕೊಂಡದ್ದು, ಯಾವುದು ಚಂದಾದ್ದು ಎಂದು ಇವತ್ತೇ ನೋಡಿ. ಖಾತೆ ನಿಮ್ಮದೇ ಮೇಲ್ ವಿಳಾಸದಲ್ಲಿರಲಿ. ಸೇವ್ ಮೇಲೇರಿದೆಯೇ, ಹೊಸದರಲ್ಲಿ ಇಳಿದಿದೆಯೇ ಎಂದು ಕಣ್ಣಾರೆ ಕಂಡು, ಆಡಿ ನೋಡಿ ಆಮೇಲೆ ಬೀಳ್ಕೊಡಿ. ಮನೆಯಲ್ಲಿ ಯಾರಾದರೂ ಕಾರಣ ಹೇಳದೆ ಹಳೆಯದೇ ಇರಲಿ ಎಂದು ಹಟ ಹಿಡಿದರೆ ಅವರ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳಿ. ಬಸ್ಸಿನಲ್ಲಿ ಇನ್ನೂ ಯಾರೋ ಮಲಗಿರಬಹುದು.