ಊರಿಗೊಂದು ಕನೆಕ್ಷನ್

ರೋಣದ ದವಾಖಾನೆಯ ಮೆಟ್ಟಿಲ ಮೇಲೆ ಸಿದ್ದಲಿಂಗ ಲ್ಯಾಪ್‌ಟಾಪ್ ತೊಡೆಗಿಟ್ಟುಕೊಂಡು ಕುಳಿತಿದ್ದ. ಬೆನ್ನ ಹಿಂದೆ ದ್ಯಾಮಪ್ಪ ನಿಂತಿದ್ದ. ಒಳಗೆ ದ್ಯಾಮಪ್ಪನ ಸೊಸೆ ಕವಿತಾ ಹೆತ್ತು ಮಲಗಿದ್ದಳು. ಕೂಸು ಆರಾಮಿತ್ತು, ತಾಯಿಯ ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ. ಓ ನೆಗೆಟಿವ್ ಬೇಕು, ಲಗೂ ಬೇಕು ಎಂದು ಡಾಕ್ಟರು ಹೇಳಿ ಒಳಗೆ ಹೋಗಿದ್ದರು.

ರಕ್ತ ಕೊಡುವವರ ಹೆಸರು, ಫೋನ್ ನಂಬರ್ ಎಲ್ಲ ಸಿದ್ದಲಿಂಗ ಕಟ್ಟಿದ ಆ್ಯಪ್‌ನೊಳಗಿದ್ದವು. ಹೆಣ್ಣುಮಕ್ಕಳ ನಂಬರಿಗೆ ಕಂಡಕಂಡವರು ಫೋನ್ ಹಚ್ಚತೊಡಗಿದ ಮೇಲೆ, ಆ ಪಟ್ಟಿಯನ್ನು ಆ್ಯಪ್ ಬಿಟ್ಟು ಹೊರಗೆಲ್ಲೂ ಇಡಬಾರದೆಂದು ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಿನ ರಕ್ತದಾನಿ ಬಳಗದವರು ಕೂಡಿ ಗೊತ್ತುಮಾಡಿದ್ದರು. ಈಗ ಆ್ಯಪ್ ತೆರೆಯುತ್ತಿರಲಿಲ್ಲ.

"ಏನಂತತಿರಿ ಅದು?" ದ್ಯಾಮಪ್ಪ ಕೇಳಿದ.

"ತಡೀರಿ ಅಂತತಿ."

"ಒಳಗಿರಾಕಿಗೂ ಹಂಗ ಹೇಳಿ ಬರ್ರಿ ಹಂಗಾರ, ತಡಿಯಂತ."

ಸಿದ್ದಲಿಂಗನಿಗೆ ಕಾರಣ ಗೊತ್ತಿತ್ತು. ಪಟ್ಟಿಯನ್ನು ಕೂಡಿಟ್ಟ ಡೇಟಾಬೇಸ್ ಒಂದು ಹೊತ್ತಿಗೆ ಇಂತಿಷ್ಟೇ ಕನೆಕ್ಷನ್ ಕೊಡುತ್ತದೆ, ಅವು ತೀರಿದರೆ ಹೊಸದಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಆ್ಯಪ್ ಕಟ್ಟುವಾಗ ರೋಣದವರು ನರಗುಂದದ ಕೈಕೆಳಗೆ ಇರೋದಿಲ್ಲ ಎಂದಿದ್ದರು. ಗಜೇಂದ್ರಗಡದವರು ಇಬ್ಬರ ಕೈಕೆಳಗೂ ಬರೋದಿಲ್ಲ ಎಂದಿದ್ದರು. ಸಿದ್ದಲಿಂಗನೂ ರೋಣದವನೇ. ಮೀಸೆ ತಿರುವಿ ಊರಿಗೊಂದು ಕನೆಕ್ಷನ್ ಎಂದು ಬರೆದುಬಿಟ್ಟ. ಆಮೇಲೆ ದಾನಿಗಳನ್ನು ಹುಡುಕುವ ಭಾಗಕ್ಕೊಂದು, ಸಂದೇಶ ಕಳಿಸುವ ಭಾಗಕ್ಕೊಂದು. ಪ್ರತಿ ಭಾಗವೂ ತನ್ನದನ್ನು ತಾನೇ ತೆರೆದುಕೊಳ್ಳುತ್ತಿತ್ತು, ಮುಚ್ಚುತ್ತಿರಲಿಲ್ಲ. ಇವತ್ತು ರಕ್ತ ಬೇಕೆಂಬ ಸುದ್ದಿ ಹರಡಿ ಮೂರೂ ಊರಿನವರು ಒಮ್ಮೆಲೇ ನುಗ್ಗಿದ್ದರು. ಬಂದ್ ಮಾಡಿ ಚಾಲೂ ಮಾಡಿದರೂ ಗಳಿಗೆಯೊಳಗೆ ತುಂಬಿ ನಿಲ್ಲುತ್ತಿತ್ತು.

ಗಜೇಂದ್ರಗಡದಲ್ಲಿ ಕೂತು ಅವನ ಜೊತೆ ಕೋಡ್ ಬರೆಯುವ ಶಾಂಭವಿ ಇದನ್ನು ಹಿಂದೆಯೇ ಹೇಳಿದ್ದಳು. ಆ್ಯಪ್ ಶುರುವಾಗುವಾಗಲೇ ಒಂದೇ ಕಡೆ ಕನೆಕ್ಷನ್‌ಗಳ ಪೂಲ್, ಅಂದರೆ ಎಲ್ಲರಿಗೂ ಸೇರಿದ ಒಂದೇ ಸಂಗ್ರಹ, ಮಾಡೋಣ. ಯಾವ ಭಾಗವೂ ತಾನಾಗಿ ತೆರೆಯುವುದು ಬೇಡ. ಹೊರಗಿನಿಂದ ನಾವೇ ಅದರ ಕೈಗೆ ಕೊಡೋಣ, ಕೆಲಸ ಮುಗಿದ ಕೂಡಲೇ ತಿರುಗಿ ಕೊಡಲಿ. ಡಿಪೆಂಡೆನ್ಸಿ ಇಂಜೆಕ್ಷನ್ ಅಂದರೆ ಇಷ್ಟೇ ಎಂದು ವಿವರಿಸಿ, ಹಾಗೆ ಬರೆದೂ ಕಳಿಸಿದ್ದಳು. "ನನಗ ಸಾಲಿ ಕಲಸಾಕ ಬಂದೀಯೇನು?" ಎಂದು ಸಿದ್ದಲಿಂಗ ಹರಿಹಾಯ್ದಿದ್ದ.

ಈಗ ಅವಳಿಗೇ ಫೋನ್ ಹಚ್ಚಿದ. "ನೀ ಬರದದ್ದು ಐತೇನು ಇನ್ನ?"

"ಐತ್ರಿ ಅಣ್ಣಾರ. ನೀವು ಮುಟ್ಟಿಲ್ಲಲ್ಲ, ಚಲೋನ ಐತಿ."

"ಚಾಷ್ಟಿ ಆಮ್ಯಾಲ ಮಾಡು. ಅದನ್ನ ಏರಸ್ತೀನಿ."

"ಅದರಾಗ ಊರು ಬ್ಯಾರೆ ಬ್ಯಾರೆ ಇಲ್ರಿ. ನಿಮ್ಮ ಬಳಗದ ಹಿರ್ಯಾರು ಕೇಳಿದ್ರ?"

"ಕೇಳಲಿ."

ಅವಳ ಕೋಡ್ ಓದಿದ. ಸಿಟ್ಟು ಬರುವಷ್ಟು ಸರಳವಾಗಿತ್ತು. ತನ್ನದನ್ನು ಕಿತ್ತು ಅವಳದನ್ನು ಏರಿಸಿದ. ಆ್ಯಪ್ ತೆರೆಯಿತು. ನರಗುಂದದ ಓ ನೆಗೆಟಿವ್ ದಾನಿ ಖಾದರನಿಗೆ ಸಂದೇಶ ಹೋಯಿತು. ಗಾಡಿ ಹತ್ತಿದ್ದೇನೆ ಎಂದು ಅವನಿಂದ ಉತ್ತರವೂ ಬಂತು.

ಖಾದರ ಬಂದು ರಕ್ತ ಕೊಟ್ಟ. ಅಷ್ಟರಲ್ಲಿ ಡಾಕ್ಟರು ಕಾಯಲಾರದೆ ಕವಿತಾಳ ಗರ್ಭಕೋಶ ತೆಗೆದಿದ್ದರು. ಇಪ್ಪತ್ತರ ಹರೆಯದ ಹುಡುಗಿ.

ಸಂಜೆ ದ್ಯಾಮಪ್ಪನ ಹೆಂಡತಿ ಕಲ್ಲವ್ವ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. "ಜೀಂವಾ ಉಳೀತು. ನಿಮ್ಮಿಂದ ಆತ್ರಿ ಯಪ್ಪಾ, ದೊಡ್ಡ ಉಪಕಾರ."

"ಹಂಗ ಅನಬ್ಯಾಡಬೇ," ಎಂದ ಸಿದ್ದಲಿಂಗ. "ರಕ್ತ ಮೊದಲ ಬರಬೇಕಿತ್ತು. ತಡಾ ಆಗಿದ್ದು ನನ್ನಿಂದ."

ಕಲ್ಲವ್ವನಿಗೆ ತಿಳಿಯಲಿಲ್ಲ. ದ್ಯಾಮಪ್ಪನಿಗೆ ತಿಳಿಯಿತು. ಅವನು ಬೈಯಲಿಲ್ಲ. ಹೆಂಡತಿಯ ಕೈಯಿಂದ ಕೂಸನ್ನು ಇಸಿದುಕೊಂಡು ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಿದ್ದಲಿಂಗನಿಗೆ.

ಫೋನ್ ಬಂತು. ರೋಣದ ಬಳಗದ ಹಿರಿಯರು. "ನಮ್ಮೂರಿಂದು ಬ್ಯಾರೆ ಇತ್ತಲ್ಲೋ, ಎಲ್ಲಿ ಹೋತದು? ನರಗುಂದದವ್ರ ಕಾಲಾಗ ಹಾಕಿದೇನು?"

ಬೇರೆ ದಿನವಾಗಿದ್ದರೆ ಸಿದ್ದಲಿಂಗ ಚೀರಾಡುತ್ತಿದ್ದ. ಇವತ್ತು ದನಿ ಏರಿಸಲಿಲ್ಲ.

"ದವಾಖಾನಿಗೆ ಬರ್ರಿ," ಎಂದ. "ಒಳಗ ಹೋಗಿ ಆ ಹುಡಿಗಿ ಮಾರಿ ನೋಡ್ರಿ. ಆಮ್ಯಾಲ ಇದ ಮಾತು ಇಲ್ಲಿ ನಿಂತು ಕೇಳ್ರಿ."