ಕೆಮ್ಮಿಗಿದ್ದ ದನಿ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮೈಕಮ್ಮ ಅಂತ. ಯಾವ ಬಸ್ಸು ಎಲ್ಲಿ ನಿಲ್ಲುತ್ತೆ, ಯಾವುದು ತಡ, ಯಾರ ಮಗು ಕಳೆದುಹೋಗಿ ಆಫೀಸಿನಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದೆ, ಎಲ್ಲವನ್ನೂ ಗಾಜಿನ ಗೂಡಿನೊಳಗಿಂದ ಜನಕ್ಕೆ ಸಾರುವುದು ಅವಳ ಕೆಲಸ. ಅಂಥವಳ ದನಿಯೇ ಹೋಯಿತು. ದೇವರಿಗೆ ತಮಾಷೆ ಮಾಡೋಕೆ ಬೇರೆ ಯಾರೂ ಸಿಕ್ಕಲಿಲ್ಲ ನೋಡಿ!

ಶುರುವಾದದ್ದು ಜ್ವರದಿಂದ. ಅವಳು, ವ್ಯಾನ್ ಓಡಿಸುವ ಗಂಡ, ಅತ್ತೆ, ಮನೆಯಲ್ಲಿದ್ದ ಮೂವರೂ ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಅತ್ತೆಯಂತೂ ಆಸ್ಪತ್ರೆ ಸೇರಿ, ಮೂಗಿಗೆ ನಳಿಗೆ ಹಾಕಿಸಿಕೊಂಡು, ಯಮನ ಬಾಗಿಲು ತಟ್ಟಿ ವಾಪಸ್ ಬಂದರು. ಗಂಡ ಎದ್ದ, ಅತ್ತೆಯೂ ಎದ್ದರು. ಮೈಕಮ್ಮನ ಜ್ವರವೂ ಬಿಟ್ಟಿತು, ಆದರೆ ಹೋಗುವಾಗ ದನಿಯನ್ನೂ ಕಟ್ಟಿಕೊಂಡು ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, "ಎಲ್ಲ ಸರಿಯಾಗಿದೆಯಲ್ಲಮ್ಮ, ಏನೂ ಇಲ್ಲ" ಅಂದುಬಿಟ್ಟರು.

ಅಯ್ಯೋ, ಆ 'ಏನೂ ಇಲ್ಲ' ಅನ್ನೋ ಮಾತು! ಅದನ್ನು ಮನೆಗೆ ತಂದದ್ದೇ ತಪ್ಪಾಯಿತು. ಅತ್ತೆಯ ಕೈಗೆ ದೊಣ್ಣೆ ಕೊಟ್ಟ ಹಾಗಾಯಿತು.

"ಕೇಳಿದ್ಯೇನೋ ನಿನ್ನ ಹೆಂಡತಿ ವಿಷಯ?" ಅಂತ ಅತ್ತೆ ಮಗನ ಮುಂದೆ ಶುರು ಮಾಡಿದರು. "ಕೆಮ್ಮಿದರೆ ಪಕ್ಕದ ಮನೆಯವರಿಗೂ ಎಚ್ಚರ ಆಗುತ್ತೆ. ಕೆಮ್ಮೋಕಿರೋ ದನಿ ಮಾತಿಗಿಲ್ವಾ? ಬಸ್ ಸ್ಟ್ಯಾಂಡಿಂದ ರೋಗ ತಂದು ನನ್ನನ್ನ ಸಾಯಿಸೋಕೆ ನೋಡಿದ್ದು ಸಾಲದು ಅಂತ ಈಗ ನಾಟಕ ಬೇರೆ!"

ಗಂಡ ಪಾಪದವನು. ತಾಯಿಗೂ ಹೂಂ, ಹೆಂಡತಿಗೂ ಹೂಂ. ಮೈಕಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಬೇಕಂತಲೇ ಒಮ್ಮೆ ಕೆಮ್ಮಿದಳು. ಗಟ್ಟಿ ದನಿ, ತನ್ನದೇ ದನಿ. ಆಮೇಲೆ 'ಅತ್ತೆ' ಅನ್ನಲು ನೋಡಿದಳು. ಬರೀ ಗಾಳಿ. ಅತ್ತೆ ಹೇಳೋದು ನಿಜ ಇರಬಹುದಾ? ನನಗೇ ಗೊತ್ತಿಲ್ಲದ ಹಾಗೆ ನಾನೇ ನಾಟಕ ಮಾಡ್ತಿದೀನಾ? ಕೆಲಸ ಹೋಗುವ ಭಯಕ್ಕಿಂತ ಈ ಭಯ ದೊಡ್ಡದಾಗಿತ್ತು. ಕೆಲಸದ್ದೂ ಸಣ್ಣದೇನಲ್ಲ. ಅವಳ ದನಿ ಬರದಿದ್ದರೆ ಯಂತ್ರದ ದನಿ ತರಿಸುತ್ತೇವೆ ಅಂತ ನಿಲ್ದಾಣದ ಮ್ಯಾನೇಜರು ಆಗಲೇ ಹೇಳಿ ಕಳಿಸಿದ್ದರು.

ಇದರ ನಡುವೆ ಒಂದು ಸಂಶೋಧನೆ. ಮನೆಯೊಳಗೆ ಸೋಂಕು ಯಾರಿಂದ ಯಾರಿಗೆ ಹರಡುತ್ತೆ, ಜ್ವರ ಬಿಟ್ಟ ಮೇಲೂ ಪರೀಕ್ಷೆಗೆ ಸಿಗದ ಯಾವ ಯಾವ ತೊಂದರೆ ಉಳಿಯುತ್ತೆ ಅಂತ ಆಸ್ಪತ್ರೆಯವರು ಕೆಲವು ಮನೆಗಳನ್ನು ಆರಿಸಿದ್ದರು. ಗಂಡನಿಗೆ ಜ್ವರ ಬಂದ ದಿನದಿಂದಲೇ ಇವರ ಮನೆಯೂ ಸೇರಿತ್ತು. ನರ್ಸ್ ಬಂದು ಹತ್ತಿ ಸುತ್ತಿದ ಕಡ್ಡಿಗಳನ್ನು ಕೊಟ್ಟು ಹೋಗುತ್ತಿದ್ದಳು. ಅವರವರ ಮೂಗಿಗೆ ಅವರವರೇ ಹಾಕಿ ತಿರುಗಿಸಿ, ಅವರವರ ಹೆಸರಿನ ಟ್ಯೂಬಿನಲ್ಲಿ ಮುಚ್ಚಿಡಬೇಕು. ಅತ್ತೆ ಮಾತ್ರ ತಮ್ಮ ಕಡ್ಡಿ ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. "ಮೂಗಿಗೆ ಕಡ್ಡಿ ಹಾಕೋದನ್ನ ನಾಲ್ಕು ಜನರ ಮುಂದೆ ಮಾಡ್ತಾರಾ? ನಾಚಿಕೆ ಬೇಡ್ವಾ?" ಅಂತ ಬೈಗುಳ ಬೇರೆ.

ಒಂದು ಮಧ್ಯಾಹ್ನ ನರ್ಸಿನ ಬದಲು ಸಂಶೋಧನೆಯ ಡಾಕ್ಟರಮ್ಮನೇ ಮನೆಗೆ ಬಂದರು. ಮಲಗುವ ಕೋಣೆಯಿಂದ ಕುರ್ಚಿ ತಂದು ಕೂರಿಸಿದ್ದಾಯಿತು. ಅತ್ತೆ ಎದುರಿಗೇ ಗಟ್ಟಿಯಾಗಿ ಕೂತರು.

"ಡಾಕ್ಟ್ರೇ, ಮೊದಲು ಒಂದು ಹೇಳಿಬಿಡಿ. ಈ ಮನೆಗೆ ರೋಗ ತಂದಿದ್ದು ಯಾರು?"

"ಅದನ್ನೇ ಕೇಳೋಕೆ ಬಂದೆ ಅಜ್ಜಿ," ಅಂದರು ಡಾಕ್ಟರಮ್ಮ. "ಮಗ, ಸೊಸೆಯ ಕಡ್ಡಿಗಳು ಸರಿಯಾಗಿವೆ. ನಿಮ್ಮವು ಮಾತ್ರ, ಶುರುವಿನಿಂದ ಒಂದೂ ಮನುಷ್ಯರ ಮೂಗಿಗೆ ಹೋಗಿದ್ದಲ್ಲ ಅಂತ ಲ್ಯಾಬಿನವರು ಹೇಳ್ತಿದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅತ್ತೆ ಮೂಗು ಮುಟ್ಟಿ ನೋಡಿಕೊಂಡರು.

"ನನಗೆ ಕಚಗುಳಿ ಆಗುತ್ತಮ್ಮ," ಅಂದರು ಮೆಲ್ಲಗೆ. "ಕಡ್ಡಿ ದಂಡ ಆಗಬಾರದು ಅಂತ ಬೆಕ್ಕಿನ ಮೂಗಿಗೆ ತಿಕ್ಕಿದೆ. ಅದಕ್ಕೂ ಸೀನು ಬರ್ತಿತ್ತು, ಸುಳ್ಳಲ್ಲ. ಅದೂ ಮನೆಯದ್ದೇ ಅಲ್ವಾ?"

ಬೆಕ್ಕು ಕಿಟಕಿಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತಿತ್ತು. ಗಂಡ ಗೋಡೆ ಕಡೆ ತಿರುಗಿಕೊಂಡ. ಮೈಕಮ್ಮನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಹ್ಹಹ್ಹಾ ಅಂತ, ಮನೆಯೆಲ್ಲ ಕೇಳುವ ಹಾಗೆ, ದನಿ ತುಂಬಿದ ನಗು.

"ನೋಡಿದ್ರಾ! ನೋಡಿದ್ರಾ!" ಅತ್ತೆಗೆ ಹೋದ ಜೀವ ಬಂತು. "ನಗೋಕೆ ದನಿ ಇದೆ! ಸಿಕ್ಕಿಬಿದ್ಲು!"

ಮೈಕಮ್ಮನ ನಗು ಅಲ್ಲೇ ಸತ್ತಿತು. ಮುಗೀತು ಅಂದುಕೊಂಡಳು. ಡಾಕ್ಟರ ಎದುರಿಗೇ ಕಳ್ಳತನ ಬಯಲಾಯಿತು. ತಲೆ ತಗ್ಗಿಸಿದಳು.

ಆದರೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕಕ್ಕೇ ಬಂದರು. ಅವರ ಮುಖ ಅರಳಿತ್ತು. "ಕೆಮ್ಮುವಾಗಲೂ ಹೀಗೇ ದನಿ ಬರುತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು. ಉಸಿರಿನಲ್ಲೇ ಕೇಳಿದಳು, "ನಾಟಕನಾ ಡಾಕ್ಟ್ರೇ?"

"ಅಲ್ಲಮ್ಮ. ನಾಟಕ ಮಾಡೋರು ನಗೂನೂ ಅಡಗಿಸ್ತಾರೆ. ಕೇಳಿ, ಜ್ವರದಲ್ಲಿ ಗಂಟಲು ನೊಂದಾಗ ದನಿ ಹೊರಡಿಸೋ ಅಭ್ಯಾಸ ದಾರಿ ತಪ್ಪಿದೆ. ಮಾತಾಡೋಣ ಅಂತ ಹೊರಟಾಗ ಮಾತ್ರ ತಪ್ಪುತ್ತೆ. ನಗು, ಕೆಮ್ಮು ನಮ್ಮನ್ನ ಕೇಳಿ ಬರಲ್ವಲ್ಲ, ಹಾಗಾಗಿ ಅವು ಹಳೇ ದಾರೀಲೇ ಬರ್ತಿವೆ. ನಿಮ್ಮ ತೊಂದರೆ ನಿಜ, ನೀವು ಬೇಕಂತ ಮಾಡಿದ್ದಲ್ಲ. ಗಂಟಲು ಗಟ್ಟಿಯಾಗಿದೆ ಅನ್ನೋಕೆ ಆ ಕೆಮ್ಮೇ ಸಾಕ್ಷಿ. ದನಿ ವಾಪಸ್ ಬರುತ್ತೆ."

ಅಬ್ಬಾ! ಯಾವ ಕೆಮ್ಮನ್ನು ಹಿಡಿದು ಇಷ್ಟು ದಿನ ಅವಳನ್ನು ಕಳ್ಳಿ ಮಾಡಿದ್ದರೋ ಅದೇ ಕೆಮ್ಮು ಅವಳ ಪರವಾಗಿ ನಿಂತಿತ್ತು. ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟ ಹಾಗಾಗಿ ಮೈಕಮ್ಮ ಬಿಕ್ಕಿ ಬಿಕ್ಕಿ ಅತ್ತಳು.

"ಈಗ ಒಂದು ಸಲ ಕೆಮ್ಮಿ. ಆ ಕೆಮ್ಮಿನ ಬಾಲ ಹಿಡ್ಕೊಂಡು ಹ್ಮ್ ಅಂತ ಎಳೀರಿ," ಅಂದರು ಡಾಕ್ಟರಮ್ಮ.

ಕೆಮ್ಮಿದಳು. ತಪ್ಪಿತು. ಮತ್ತೆ ಕೆಮ್ಮಿದಳು. ಹ್ಮ್... ಹ್ಮ್ಮ್... ದಾರದಷ್ಟು ತೆಳ್ಳಗೆ ದನಿ ಹೊರಟಿತು. ಗಂಡ ಸರ್ರನೆ ತಿರುಗಿ ನೋಡಿದ. ಅವನ ಕಣ್ಣಲ್ಲೂ ನೀರು.

ಅತ್ತೆ ಕೇಳಿದರು, "ಹಾಗಾದ್ರೆ ರೋಗ ತಂದಿದ್ದು?"

"ನಿಮ್ಮ ಮೂಗಿನ ಲೆಕ್ಕ ಇಲ್ಲದೆ ಅದು ಯಾರಿಗೂ ಹೇಳೋಕಾಗಲ್ಲ ಅಜ್ಜಿ. ಬೆಕ್ಕನ್ನೇ ಕೇಳಬೇಕು. ಸೊಸೆ ಮೇಲೆ ಹಾಕೋಕಂತೂ ಆಧಾರ ಇಲ್ಲ."

ಮಾತಿನ ತರಬೇತಿ ಕೊಡುವವರ ಹತ್ತಿರ ಓಡಾಡಿದ್ದಾಯಿತು. ಹ್ಮ್ ಅನ್ನುವುದು ಅಮ್ಮ ಆಯಿತು, ಅಮ್ಮ ಅನ್ನುವುದು ಅತ್ತೆ ಆಯಿತು. ಕೆಮ್ಮಿನ ಸಹಾಯ ಮಾತ್ರ ಇನ್ನೂ ಬೇಕಿತ್ತು. ಪರವಾಗಿಲ್ಲ ಬನ್ನಿ ಅಂದರು ಮ್ಯಾನೇಜರು. ಯಂತ್ರದ ಮಾತು ಅಲ್ಲಿಗೆ ನಿಂತಿತು.

ಅವಳು ಕೆಲಸಕ್ಕೆ ಮರಳಿದ ದಿನ ಅತ್ತೆ ಯಾರಿಗೂ ಹೇಳದೆ ನಿಲ್ದಾಣಕ್ಕೆ ಹೋಗಿ ಬೆಂಚಿನ ತುದಿಯಲ್ಲಿ ಕೂತರು. ಪಕ್ಕದಲ್ಲಿ ಯಾರೋ ಪ್ರಯಾಣಿಕ, ಮಡಿಲಲ್ಲಿ ಚೀಲ. ಮೈಕು ಗರಗರ ಅಂದಿತು. ಆಮೇಲೆ ಒಂದು ಕೆಮ್ಮು, ನಿಲ್ದಾಣಕ್ಕೆಲ್ಲ ಕೇಳುವಂಥದ್ದು.

"ಏನಿದು, ಮೈಕಲ್ಲೇ ಕೆಮ್ತಾರೆ!" ಅಂತ ಪ್ರಯಾಣಿಕ ಮುಖ ಸಿಂಡರಿಸಿದ.

ಅತ್ತೆ ಅವನ ಮೊಣಕೈ ಗಟ್ಟಿಯಾಗಿ ಹಿಡಿದರು. "ಕೆಮ್ಮಲಿ ಬಿಡಪ್ಪಾ. ಸ್ವಲ್ಪ ತಡಿ, ಕೆಮ್ಮಿನ ಹಿಂದೇನೇ ಮಾತು ಬರುತ್ತೆ."

ಬಂತು.