ಬರ್ತಾರೆ ಅನ್ನಬೇಡಿ, ಬರಲ್ಲ ಅಂತಲೂ ಅನ್ನಬೇಡಿ

ನನ್ನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಾರೆ. ಎದ್ದರೆ ಮಾತು, ಕೂತರೆ ಮಾತು. ಇಂಥವನ ಕೈಗೆ ಹತ್ತಾರು ಜನರ ಗುಟ್ಟು ಕೊಟ್ಟವರಿಗೆ ತಲೆ ಕೆಟ್ಟಿರಬೇಕು ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಕೆಟ್ಟಿಲ್ಲ, ಅವರು ಜಾಣರು. ಕಮ್ಮಿ ಮಾತಿನವನು ಒಂದು ಪ್ರಶ್ನೆಗೆ ಸುಮ್ಮನಾದರೆ ಅನುಮಾನ ಬರುತ್ತದೆ. ನಾನಾದರೆ ಅವರು ಕೇಳಿದ್ದೊಂದು ಬಿಟ್ಟು ಊರಿನದ್ದೆಲ್ಲ ಹೇಳುತ್ತೇನೆ. ಕೇಳಿದವನೇ ಸುಸ್ತಾಗಿ ಎದ್ದು ಹೋಗುತ್ತಾನೆ.

ನಮ್ಮದು ಹೊಟ್ಟೆಗೆ ಚೀಲ ಹಾಕಿಸಿಕೊಂಡವರ ಗುಂಪು. ಮುಚ್ಚುಮರೆ ಯಾಕೆ, ಕರುಳಿನ ಆಪರೇಷನ್ ಆದ ಮೇಲೆ ಕೆಳಗಿನಿಂದ ಹೋಗಬೇಕಾದದ್ದು ಹೊಟ್ಟೆಯ ಪಕ್ಕದಿಂದ ಚೀಲಕ್ಕೆ ಬರುತ್ತದೆ. ಬಟ್ಟೆಯ ಮೇಲೆ ಕಾಣುವುದಿಲ್ಲ, ಸರಿಯಾಗಿ ಅಂಟಿಸಿದರೆ ವಾಸನೆಯೂ ಇಲ್ಲ. ಆದರೆ ಗೊತ್ತಾದರೆ ಸಾಕು, ಎದುರಿನವರ ಮೂಗು ತಾನಾಗಿ ಮೇಲೇಳುತ್ತದೆ.

ವಾರಕ್ಕೊಮ್ಮೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಅವರಿಗೂ ನಮಗೂ ಮೆಟ್ಟಿಲು ಒಂದೇ. ಹತ್ತುವಾಗ ಯಾರಾದರೂ ಕಂಡರೆ ಕೆನ್ನೆ ಹಿಡಿದುಕೊಂಡರಾಯಿತು. ಹೆಸರು ಬರೆಸುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಫೋನಿನಲ್ಲಿ ಗುಂಪು ಮಾಡಿದರೆ ಒಬ್ಬರ ನಂಬರು ಎಲ್ಲರಿಗೂ ಹೋಗುತ್ತದೆಂದು ಅದನ್ನೂ ಮಾಡಿಲ್ಲ. ನಂಬರುಗಳು ನನ್ನೊಬ್ಬನ ಬಳಿ ಇವೆ, ಅದೂ ತರಕಾರಿಗಳ ಹೆಸರಿನಲ್ಲಿ. ‘ರೀ, ಮೂಲಂಗಿ ಫೋನ್ ಮಾಡ್ತಿದೆ, ಎತ್ಕೊಳ್ಳಿ’ ಎಂದು ನನ್ನವಳು ಅಡುಗೆಮನೆಯಿಂದ ಕೂಗುತ್ತಾಳೆ. ಬೀದಿಯಲ್ಲಿ ಎದುರಾದರೆ ನಾವು ಒಬ್ಬರಿಗೊಬ್ಬರು ಯಾರೋ ಏನೋ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹುಟ್ಟಿದ್ದು ನಮ್ಮಲ್ಲಿನ ಒಬ್ಬ ಅತ್ತೆಮ್ಮನ ಒಳ್ಳೆಯತನದಿಂದ. ಯಾರೋ ಬಂದು, ನನ್ನ ಸೊಸೆ ನಿಮ್ಮಲ್ಲಿಗೆ ಬರ್ತಾಳಾ ಎಂದು ಕೇಳಿದರು. ಆ ಸೊಸೆ ನಿಜವಾಗಿಯೂ ಬರುತ್ತಿರಲಿಲ್ಲ. ಪಾಪ, ಸಂಸಾರ ನೆಟ್ಟಗಿರಲೆಂದು ಅತ್ತೆಮ್ಮ ‘ಇಲ್ಲಮ್ಮ, ಬರಲ್ಲ’ ಎಂದರು. ಮುಂದಿನ ವಾರ ಇನ್ನೊಬ್ಬರು ಬಂದು ಇನ್ನೊಬ್ಬಳ ಬಗ್ಗೆ ಕೇಳಿದರು. ಅವಳು ಬರುತ್ತಿದ್ದಳು. ಅತ್ತೆಮ್ಮನಿಗೆ ಸುಳ್ಳು ಬಾರದು, ಮಾತು ನುಂಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವತ್ತಿನಿಂದ ನಾವು, ನಿಜವೇ ಆಗಿದ್ದರೂ, ‘ಇಲ್ಲ’ ಎನ್ನುವುದನ್ನು ಬಿಟ್ಟೆವು.

ಈಗ ಮೂಲಂಗಿಯ ವಿಷಯ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ, ಕಸುಬನ್ನೂ ಒಂದಿಷ್ಟು ತಿರುಚಿದ್ದೇನೆ, ಹುಡುಕಲು ಹೋಗಬೇಡಿ. ಅವನು ದೊಡ್ಡ ಹೋಟೆಲಿನ ಅಡುಗೆಯವನು. ಅಲ್ಲಿನ ಯಜಮಾನ ಹಿಂದೊಮ್ಮೆ, ಕೈಮೇಲೆ ಬಿಳಿ ಮಚ್ಚೆ ಬಂತೆಂದು, ಗಿರಾಕಿಗಳು ಮುಖ ಸಿಂಡರಿಸುತ್ತಾರೆಂದು ಒಬ್ಬ ಸಪ್ಲೈಯರನ್ನು ನಿಂತ ಕಾಲಲ್ಲಿ ಕೆಲಸದಿಂದ ಕಳಿಸಿದ್ದ. ಮಚ್ಚೆಗೇ ಹೀಗಾದರೆ ಚೀಲಕ್ಕೆ ಹೇಗೆ? ಸುದ್ದಿ ಮುಟ್ಟಿದ ದಿನವೇ ಸೌಟು ಕೆಳಗಿಡಬೇಕೆಂದು ಮೂಲಂಗಿಗೆ ಗೊತ್ತಿತ್ತು. ಬೇರೆ ಕಸುಬು ಅವನಿಗೆ ಬಾರದು.

ಒಂದು ಬೆಳಿಗ್ಗೆ ನನ್ನ ಮನೆ ಬಾಗಿಲಲ್ಲಿ ಅದೇ ಯಜಮಾನ. ಎಡಗೈ ಹೊಟ್ಟೆಯ ಪಕ್ಕಕ್ಕೆ ಒತ್ತಿಕೊಂಡಿತ್ತು. ಹೊಸದರಲ್ಲಿ ನಾವೆಲ್ಲ ಹಾಗೇ ಹಿಡಿದುಕೊಂಡು ಓಡಾಡಿದವರು, ಅವರು ಬಾಯಿ ಬಿಡುವ ಮೊದಲೇ ನನಗೆ ತಿಳಿಯಿತು. ಆಸ್ಪತ್ರೆಯ ನರ್ಸ್ ನನ್ನ ವಿಳಾಸ ಕೊಟ್ಟಿದ್ದರಂತೆ. ಆಪರೇಷನ್ ಆದಾಗಿನಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂರಲು ಧೈರ್ಯವಿಲ್ಲ, ಹೆಂಡತಿಯ ಮುಂದೆ ಅಂಗಿ ಬಿಚ್ಚುವುದಿಲ್ಲ ಎಂದೆಲ್ಲ ಹೇಳಿಕೊಂಡರು. ನಾವು ಸೇರುವ ಜಾಗವನ್ನೂ, ಕೆನ್ನೆ ಹಿಡಿಯುವ ಉಪಾಯವನ್ನೂ ಹೇಳಿದೆ. ಟೀ ಕುಡಿದು, ಲೋಟ ಕೆಳಗಿಡುತ್ತ ಕೇಳಿದರು:

“ನಮ್ಮ ಅಡುಗೆಯವ್ನು ವಾರ ವಾರ ಹಲ್ಲು ತೋರಿಸ್ಕೊಳ್ಳೋಕೆ ಹೋಗ್ತಾನೆ. ಅದೇ ಕಟ್ಟಡ. ಅವ್ನೂ ಬರ್ತಾನಾ?”

“ಹೇಳಲ್ಲ.”

“ಹಾಗಾದ್ರೆ ಬರ್ತಾನೆ ಅಂತಾಯ್ತು.”

“ನಿಮ್ಮ ಸೋದರಮಾವನ ಬಗ್ಗೆ ಕೇಳಿ, ಹೇಳಲ್ಲ ಅಂತೀನಿ. ಸತ್ತು ಹೋದ ನಿಮ್ಮ ತಾತನ ಬಗ್ಗೆ ಕೇಳಿ, ಹೇಳಲ್ಲ ಅಂತೀನಿ. ನಾಳೆ ಆ ಅಡುಗೆಯವ್ನೇ ಬಂದು, ನಮ್ಮ ಯಜಮಾನ್ರು ಇಲ್ಲಿಗೆ ಬರ್ತಾರಾ ಅಂದ್ರೂ ಇದೇ ಉತ್ರ.”

ಕೊನೆಯ ಮಾತು ನಾಟಿತು. ಮತ್ತೆ ಆ ವಿಷಯ ಎತ್ತಲಿಲ್ಲ. ಆ ಕೋಣೆಯಲ್ಲಿ ನಿಮ್ಮನ್ನು ಬಲ್ಲವರು ಇದ್ದರೂ ಇರಬಹುದು, ಯೋಚಿಸಿ ಬನ್ನಿ, ಬೇಡವಾದರೆ ನಾನೊಬ್ಬನೇ ನಿಮ್ಮಲ್ಲಿಗೆ ಬರುತ್ತೇನೆ ಎಂದೆ. ಬರುತ್ತೇನೆ ಎಂದರು.

ಅವತ್ತೇ ಎಲ್ಲ ತರಕಾರಿಗಳಿಗೂ ಫೋನ್ ಮಾಡಿದೆ. ಹೊಸಬರು ಬರುವ ವಾರ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಗೊತ್ತಿರುವವರಾಗಿರಬಹುದು, ಆಗದೆಯೂ ಇರಬಹುದು, ಬರುವುದು ಬಿಡುವುದು ನಿಮ್ಮಿಷ್ಟ. ಮೂಲಂಗಿಗೂ ಅಷ್ಟೇ ಹೇಳಿದೆ. ನಾಲಿಗೆ ತುರಿಸುತ್ತಿತ್ತು. ಈ ವಾರ ಬೇಡಪ್ಪ ಎಂದರೆ ಅವನ ಕೆಲಸ ಉಳಿಯುತ್ತದೆ, ಆದರೆ ಹೊಸಬರು ಯಾರೆಂದು ಊಹಿಸಿಬಿಡುತ್ತಾನೆ, ನನ್ನನ್ನು ನಂಬಿ ಟೀ ಕುಡಿದು ಹೋದವರ ಮಾನ ಹೋಗುತ್ತದೆ.

“ಯಾಕಣ್ಣ, ಇವತ್ತು ಮಾತು ಕಮ್ಮಿ,” ಎಂದ ಮೂಲಂಗಿ. “ಏನೋ ಇದೆ.”

ನೋಡಿ, ಬಾಯಿ ಮುಚ್ಚಿದರೂ ನನಗೆ ಆಪತ್ತು. ತಕ್ಷಣ ಮಂಡಿನೋವಿನಿಂದ ಶುರುಮಾಡಿ, ನನ್ನ ಷಡ್ಡಕನ ಹಳೇ ಸ್ಕೂಟರಿನವರೆಗೆ ಕೊರೆದೆ. ಅವನು ಆಕಳಿಸಿದ್ದು ಫೋನಿನಲ್ಲೇ ಕೇಳಿಸಿತು.

“ಸಾಕಣ್ಣ, ಬರ್ತೀನಿ. ನಾನು ಹೊಸಬ ಆಗಿದ್ದಾಗ ಯಾರೂ ಕೂತಿರದಿದ್ರೆ ಅರ್ಧ ಮೆಟ್ಟಿಲಿಂದ್ಲೇ ವಾಪಸ್ ಹೋಗ್ತಿದ್ದೆ.”

ಆ ದಿನ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಯಜಮಾನರು ಕೆನ್ನೆ ಹಿಡಿದುಕೊಂಡೇ ಮೇಲೆ ಬಂದರು, ಬಾಗಿಲಲ್ಲೇ ನಿಂತುಬಿಟ್ಟರು. ಮೂಲಂಗಿ ಅಭ್ಯಾಸಬಲದಿಂದ ಎದ್ದು ನಿಂತ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವರು ಇವನ ಸೊಂಟ ನೋಡಿದರು, ಇವನು ಅವರದ್ದು. ಯಜಮಾನರು ಮೆಟ್ಟಿಲ ಕಡೆ ತಿರುಗಿದರು.

“ಯಜಮಾನ್ರೇ, ಬೆಲ್ಟು ಅಷ್ಟು ಬಿಗಿ ಬೇಡ,” ಎಂದ ಮೂಲಂಗಿ. “ಚೀಲ ಒತ್ತಿ ಅಂಟು ಬಿಟ್ಕೊಳ್ಳುತ್ತೆ. ಬನ್ನಿ, ತೋರಿಸ್ತೀನಿ.”

ಅವರ ಕೈ ತಾನಾಗಿ ಬೆಲ್ಟಿಗೆ ಹೋಯಿತು. ನಿಧಾನವಾಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಬೆಲ್ಟು ಸಡಿಲಿಸುತ್ತ ಕೇಳಿದರು:

“ನೀನು ಇದನ್ನ ಇಟ್ಕೊಂಡೇ ಅಡುಗೆ ಮಾಡ್ತಿದ್ಯಾ?”

“ಎರಡು ಬೇಸಿಗೆ ಕಳೀತು. ಊಟದ ಬಗ್ಗೆ ಯಾರಾದ್ರೂ ದೂರು ಹೇಳಿದ್ರಾ?”

ಯಜಮಾನರು ನಿಜಕ್ಕೂ ಯೋಚಿಸಿದರು. “ಉಪ್ಪು ಜಾಸ್ತಿ ಅಂದಿದ್ರು.”

ಅತ್ತೆಮ್ಮ ನಕ್ಕ ನಗೆಗೆ ಕೆಳಗೆ ಹಲ್ಲಿನ ಡಾಕ್ಟರ ಡ್ರಿಲ್ಲು ನಿಂತಿತು. ಒಳಗೆ ಕಂಡದ್ದು ಹೊರಗೆ ಹೋಗಬಾರದು ಎಂದು ನಾನು ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಹೊರಟೆ. ಗೊತ್ತು ಎನ್ನುವಂತೆ ಕೈ ಅಡ್ಡ ಮಾಡಿದರು.

ಸ್ವಲ್ಪ ಕಾಲ ಬಿಟ್ಟು ಆ ಹೋಟೆಲಿಗೆ ಊಟಕ್ಕೆ ಹೋದೆ. ಅಡುಗೆಮನೆಯ ಕಿಟಕಿಯಲ್ಲಿ ಮೂಲಂಗಿ, ಸೌಟು ಅವನ ಕೈಯಲ್ಲೇ ಇತ್ತು. ನನ್ನ ಮುಂದೆ ತಟ್ಟೆ ಇಟ್ಟ ಕೈಮೇಲೆ ಬಿಳಿ ಮಚ್ಚೆಗಳಿದ್ದವು. ಯಾವಾಗ ವಾಪಸ್ ಕರೆದರೆಂದು ಕೇಳಲು ಹೊಟ್ಟೆಯೊಳಗಿಂದ ಮಾತು ಉಕ್ಕಿ ಬಂತು, ತುತ್ತಿನ ಜೊತೆ ನುಂಗಿದೆ.

ಗಲ್ಲಾಪೆಟ್ಟಿಗೆಯಲ್ಲಿ ಯಜಮಾನರು ನನ್ನನ್ನು ಈವರೆಗೆ ಕಂಡೇ ಇಲ್ಲದವರಂತೆ ನೋಡಿದರು.

“ಹೊಸಬ್ರಾ ಸಾರ್? ಊಟ ಹೇಗಿತ್ತು?”

ಅರ್ಧ ದಿನಕ್ಕಾಗುವಷ್ಟು ಉತ್ತರ ನನ್ನ ಬಳಿ ಇತ್ತು.

“ಉಪ್ಪು ಸ್ವಲ್ಪ ಜಾಸ್ತಿ,” ಎಂದು ಹೇಳಿ ಹೊರಟುಬಂದೆ.